ಹೊಳೆಯ ನೀರಿನಲ್ಲಿ ತೊಳೆದ ನಲವತ್ತು ಮೊಟ್ಟೆಗಳು

ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಒಂದು ಮರಿಯೂ ಸಾಯುವುದಿಲ್ಲ. ಕೋಳಿಗಳಿಗೆ ಬೇನೆ ಬಂದಾಗ ಆಶ್ರಮದ ಅಜ್ಜಾರು ಒಂದು ತಂಬಿಗೆ ಹೊಳೆಯ ನೀರು ತರಿಸುತ್ತಾರೆ. ಅದನ್ನು ಮಂತ್ರಿಸಿ, ಕಾವಿಗಿಟ್ಟ ಮೊಟ್ಟೆಗಳ ಮೇಲೆ ಚಿಮುಕಿಸುತ್ತಾರೆ. ಮುನ್ನೂರು ಮೊಟ್ಟೆ, ಮುನ್ನೂರು ಮರಿ.

ಹಾಗಾದರೆ ಆಶ್ರಮದ ಹಿಂದಿರುವ ಸುಣ್ಣದ ಗುಂಡಿಯಲ್ಲಿ ಏನಿದೆ ಎಂದು ನಾನು ಕೇಳಿದ್ದೆ.

"ಅದೆಲ್ಲಾ ಕೇಳಬಾರದು," ಎಂದಿದ್ದಳು ಅಜ್ಜಿ.

ಎಷ್ಟೋ ವರ್ಷಗಳ ಮೇಲೆ, ಅಜ್ಜಾರ ಶಿಷ್ಯೆಯಾಗಿದ್ದ ಹಾಲಮ್ಮನ ಬಾಯಿಂದಲೇ ಕಥೆಯನ್ನು ಕೇಳಿದೆ. ಆಗ ಆಕೆಗೆ ಎಪ್ಪತ್ತೆರಡು. ಆಕೆಯ ಕಥೆಯಲ್ಲಿಯೂ ಹೊಳೆಯ ನೀರಿತ್ತು. ಮಂತ್ರವಿರಲಿಲ್ಲ.

ಅಜ್ಜಾರು ಕಾವಿ ಉಟ್ಟವರಲ್ಲ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು, ಕೆಲಸ ಬಿಟ್ಟು, ಹೊಳೆಯ ದಂಡೆಯಲ್ಲಿ ಆಶ್ರಮ ಕಟ್ಟಿದವರು. ಅಲ್ಲಿ ಎಂಬತ್ತು ತಾಯಿಕೋಳಿಗಳಿದ್ದವು. ಅವುಗಳ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಿ, ಸುತ್ತಲಿನ ಏಳು ಊರಿನ ಹೆಂಗಸರಿಗೆ ಸಾಕಲು ಕೊಡುತ್ತಿದ್ದರು. ಕಾವು ಕೊಡುವುದು ಸೀಮೆಎಣ್ಣೆಯ ದೀಪದಿಂದ ನಡೆಯುವ ಒಂದು ಮರದ ಪೆಟ್ಟಿಗೆ.

ಹಾಲಮ್ಮ ಅಲ್ಲಿ ಮೂರು ವರ್ಷ ಕಲಿತಿದ್ದಳು. ಬಾಗಿಲಲ್ಲಿ ಚಪ್ಪಲಿ ಬದಲಿಸುವುದು. ಇಲಿಯ ಬಿಲ ಮುಚ್ಚುವುದು. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಕಾವಿಗೆ ಇಡದಿರುವುದು.

"ಈ ಸಲದ ಕಾವು ನಿಂದು," ಎಂದರು ಅಜ್ಜಾರು. "ಮರಿ ಛಲೋ ಆದ್ರ ಪೆಟಗಿ ನಿಮ್ಮೂರಿಗೆ ಒಯ್ಯಿ. ನನಗ ಇನ್ನ ಆಗೂದಿಲ್ಲ."

ಆ ವಾರವೆಲ್ಲ ಮಳೆ. ಗೂಡಿನ ಹುಲ್ಲು ಒದ್ದೆಯಾಗಿ ದಿನಕ್ಕೆ ಐದಾರು ಮೊಟ್ಟೆಗಳು ಹೊಲಸಾಗುತ್ತಿದ್ದವು. ಮುನ್ನೂರು ತುಂಬುವುದಕ್ಕೆ ನಲವತ್ತು ಕಡಿಮೆ ಬೀಳುತ್ತಿತ್ತು.

ಹಾಲಮ್ಮ ಮಡಿಯ ಮನೆಯಲ್ಲಿ ಬೆಳೆದವಳು. ಹೊಲಸಾದದ್ದನ್ನು ತೊಳೆಯಬೇಕು, ಹರಿಯುವ ನೀರಿನಲ್ಲಿ ತೊಳೆದದ್ದು ಶುದ್ಧ. ಗೂಡಿನಿಂದ ಆಗತಾನೆ ತೆಗೆದ, ಇನ್ನೂ ಬೆಚ್ಚಗಿದ್ದ ಮೊಟ್ಟೆಗಳನ್ನು ಅವಳು ಪ್ರತಿ ಬೆಳಿಗ್ಗೆ ಹೊಳೆಗೆ ಒಯ್ದಳು. ತಣ್ಣೀರಿನಲ್ಲಿ ಮುಳುಗಿಸಿ ತೊಳೆದು, ಒಗೆದ ಬಟ್ಟೆಯಿಂದ ಒರೆಸಿದಳು.

ಕಾವಿಗಿಡುವ ದಿನ ಅಜ್ಜಾರು ಬೇರೆ ಊರಿಂದ ನಡೆದು ಬಂದರು. ಅಲ್ಲಿ ಮರಿಗಳಿಗೆ ಬಿಳಿ ಭೇದಿ ಬಂದು, ಎರಡು ಮನೆಯ ಕೋಳಿಗಳನ್ನು ಹೂಳಿಸಿದ್ದರು. ಸ್ನಾನ ಮಾಡಿ, ಚಪ್ಪಲಿ ಬದಲಿಸಿ, ಕಾವಿನ ಕೋಣೆಯ ಬಾಗಿಲಲ್ಲಿ ನಿಂತರು.

"ಎಷ್ಟಾದುವವ್ವಾ?"

"ಮುನ್ನೂರು ತುಂಬ್ಯಾವ್ರಿ ಅಜ್ಜಾರ."

"ಈ ಮಳಿಯೊಳಗ?"

"ತುಂಬ್ಯಾವ್ರಿ."

ಅವರು ಪೆಟ್ಟಿಗೆಯಲ್ಲಿ ತೊಳೆದ ಮೊಟ್ಟೆಗಳಿದ್ದ ಕೆಳಗಿನ ತಟ್ಟೆಯನ್ನು ಬಹಳ ಹೊತ್ತು ನೋಡಿದರು.

"ಭಾಳ ಹೊಳೀತಾವಲ್ಲ," ಎಂದರು.

ಹಾಲಮ್ಮನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಅಜ್ಜಾರು ಹೋಗಿ ಮಲಗಿದರು.

ಇಪ್ಪತ್ತೊಂದನೆಯ ದಿನ ಇನ್ನೂರ ಮೂವತ್ತೊಂದು ಮರಿಗಳು ಹೊರಬಂದವು. ಹುಟ್ಟಿದ ಮೂರನೆಯ ದಿನ ಕೆಲವು ಮೂಲೆಯಲ್ಲಿ ಒತ್ತಿಕೊಂಡು ನಿಂತವು. ಅವುಗಳ ಹಿಂಬದಿಯಲ್ಲಿ ಬಿಳಿಯ ಮಲ ಸುಣ್ಣದಂತೆ ಅಂಟಿತ್ತು. ಹತ್ತನೆಯ ದಿನಕ್ಕೆ ತೊಂಬತ್ತು ಉಳಿದವು.

ಸತ್ತ ಮರಿಗಳನ್ನೂ ತಾಯಿಕೋಳಿಗಳ ಹಿಕ್ಕೆಯನ್ನೂ ಅಜ್ಜಾರು ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಿದ್ದರು. ಉತ್ತರ ಬಂತು: ಎರಡರಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು.

"ತಾಯಿಗೋಳು ಗಟ್ಟಿಮುಟ್ಟ ಅದಾವಲ್ರಿ," ಎಂದಳು ಹಾಲಮ್ಮ. "ಕಾಳು ತಿಂತಾವ, ತತ್ತಿ ಇಡ್ತಾವ. ಒಂದಾದ್ರೂ ಮಂಕಾಗಿಲ್ಲ."

"ತಾವು ಬ್ಯಾನಿ ಬೀಳದs ರೋಗ ಹೊತ್ತಾವ. ಅದಕ್ಕ ನನಗೂ ತಿಳೀಲಿಲ್ಲ."

"ಹೊಲಸು ತತ್ತಿ ಒಂದೂ ಇಟ್ಟಿಲ್ರಿ. ನಲವತ್ತನ್ನ ನಾನs ಕೈಯಾರೆ ಹೊಳ್ಯಾಗ ತೊಳದೀನಿ."

ಅಜ್ಜಾರು ಎದ್ದು ಹೋದರು. ಗೂಡಿನಿಂದ ಬೆಚ್ಚಗಿನ ಮೊಟ್ಟೆಯೊಂದನ್ನು ತಂದರು. ಬಟ್ಟಲಿನಲ್ಲಿ ತಣ್ಣೀರು ಹಾಕಿ, ಅದಕ್ಕೆ ಬರೆಯುವ ಶಾಯಿ ಸುರಿದು, ಮೊಟ್ಟೆಯನ್ನು ಅದರಲ್ಲಿ ಮುಳುಗಿಸಿದರು.

ಸಂಜೆ ಅದನ್ನು ತೆಗೆದು, ಹೊರಗೆಲ್ಲ ಚೊಕ್ಕಟವಾಗಿ ಒರೆಸಿ, ಅವಳ ಕೈಗೆ ಕೊಟ್ಟರು.

"ಒಡಿ."

ಹಾಲಮ್ಮ ಒಡೆದಳು. ಚಿಪ್ಪಿನ ಒಳಗಿನ ಬಿಳಿಯ ಪೊರೆಯ ಮೇಲೆ ಅಲ್ಲಲ್ಲಿ ನೀಲಿ ಚುಕ್ಕೆಗಳಿದ್ದವು.

"ಬೆಚ್ಚಗಿದ್ದದ್ದು ತಣ್ಣಗಾಗೂವಾಗ ಉಸಿರು ಒಳಗ ಎಳಕೊಳ್ತದ," ಎಂದರು ಅಜ್ಜಾರು. "ಶಾಯಿ ಕಾಣತದ. ಹಿಕ್ಕಿಯೊಳಗಿನ ಬ್ಯಾನಿ ಕಾಣೂದಿಲ್ಲ."

ಅವಳು ಚಿಪ್ಪನ್ನು ಕೆಳಗಿಡಲಿಲ್ಲ.

"ಅಂದ್ರ ಮ್ಯಾಲಿದ್ದದ್ದನ್ನ ನಾ ಒಳಗ ಕಳಿಸಿದೆ."

"ಬ್ಯಾನಿ ಹೊತ್ತ ಮರಿ ಒಂದು ತತ್ತಿ ಒಡಕೊಂಡು ಬಂತು. ಅದರ ತುಪ್ಪಳ ಪೆಟಗಿ ತುಂಬ ಹಾರಿತು. ಉಳಿದವು ಅದನ್ನs ಉಸಿರಾಡಿದವು."

ಮರುದಿನ ಹೆಂಗಸರು ಬುಟ್ಟಿ ಹಿಡಿದು ಬಾಗಿಲಿಗೆ ಬಂದರು. ಮರಿಗಳ ಸದ್ದು ಹೊರಗಿನವರೆಗೂ ಕೇಳಿಸುತ್ತಿತ್ತು.

"ಅಜ್ಜಾರ," ಎಂದಳು ಹಾಲಮ್ಮ ಒಳಗೆ. "ಈ ತೊಂಬತ್ತು ಜಿಗಿದಾಡಾಕತ್ಯಾವ. ಇವನ್ನಾದ್ರೂ ಕೊಡೂಣ್ರಿ. ಇವು ಗೆದ್ದು ಬಂದಾವ."

"ಗೆದ್ದಾವೋ, ಹೊತ್ತಾವೋ?"

"ಗೊತ್ತಿಲ್ರಿ."

"ನನಗೂ ಗೊತ್ತಿಲ್ಲ. ಏಳೂರಿಗೆ ಗೊತ್ತಿಲ್ಲದ್ದನ್ನ ಹಂಚಲ್ಯಾ?"

ಹೆಂಗಸರಿಗೆ ಹೇಳುವುದಕ್ಕೆ ಹಾಲಮ್ಮನೇ ಹೋಗಬೇಕಾಯಿತು. ಮುಂದೆ ನಿಂತಿದ್ದವಳು ಫಕ್ಕೀರವ್ವ, ನೆರೆಯೂರಿನವಳು, ಬಾಯಿ ಜೋರು.

"ಇಲ್ಲ ಅಂತೀಯಲ್ಲಬೇ, ಒಳಗ ಚೀಂವ್‌ಗುಡೂದು ಏನು, ನಿನ್ನ ಹೊಟ್ಟಿಯೇನು?"

"ಅವು ಬ್ಯಾನಿ ಮರಿ, ಯಕ್ಕಾ."

"ಇರಲಿ ಕೊಡು. ನಮ್ಮನಿಯಾಗ ನಾವೂ ಬ್ಯಾನಿಯವರs."

ಎಲ್ಲರೂ ನಕ್ಕರು. ಹಾಲಮ್ಮ ನಗಲಿಲ್ಲ.

"ನಿನ್ನ ಹಿತ್ತಲದಾಗ ಹತ್ತು ಕೋಳಿ ಅದಾವಲ್ಲ," ಎಂದಳು. "ಇವನ್ನ ಒಯ್ದ್ರ ಅವೂ ಹೋಗ್ತಾವ. ತಪ್ಪು ನಂದು. ತತ್ತಿ ನಾ ತೊಳದೆ."

"ಮೂರು ವರ್ಷ ಕಲತು ಇದನ್ನ ಕಲತೇನು?" ಎಂದಳು ಫಕ್ಕೀರವ್ವ. ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಟಳು. ಮಿಕ್ಕವರು ಹಿಂಬಾಲಿಸಿದರು.

ಅಂದು ಮರಿಗಳನ್ನೂ ಎಂಬತ್ತು ತಾಯಿಕೋಳಿಗಳನ್ನೂ ಕೊಂದು, ಸುಣ್ಣದ ಗುಂಡಿಯಲ್ಲಿ ಹೂಳಿದರು. ಆ ತಳಿಯನ್ನು ಅಜ್ಜಾರು ಹನ್ನೊಂದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದರು. ಒಂದೊಂದನ್ನೂ ಕೊಲ್ಲುವುದಕ್ಕೆ ಅವರೇ ಹಿಡಿದು ಕೊಟ್ಟರು.

ಗುಂಡಿ ಮುಚ್ಚಿದ ಮೇಲೆ ಹಾಲಮ್ಮ ಗಂಟು ಕಟ್ಟಿದಳು.

"ಎಲ್ಲಿಗೆ?"

"ಊರಿಗ್ರಿ. ಪೆಟಗಿ ಒಯ್ಯೂ ಯೋಗ್ಯತಿ ನನಗಿಲ್ಲ."

"ಪೆಟಗಿ ತಿಕ್ಕವರ್ಯಾರು?"

ಅವಳು ಗಂಟನ್ನು ಕೆಳಗಿಟ್ಟಳು. ಇಬ್ಬರೂ ಪೆಟ್ಟಿಗೆಯ ತಟ್ಟೆಗಳನ್ನು ಕಳಚಿದರು. ಸಂದುಗಳಲ್ಲಿ ಸಿಕ್ಕಿದ್ದ ತುಪ್ಪಳವನ್ನು ಕಡ್ಡಿಯಿಂದ ಕೆದರಿ ಸುಟ್ಟರು. ಸೋಪಿನ ನೀರಿನಿಂದ ತಿಕ್ಕಿದರು, ಔಷಧದ ನೀರಿನಿಂದ ತಿಕ್ಕಿದರು, ಬಿಸಿಲಿಗಿಟ್ಟರು. ಮೂರು ದಿನ ಹೀಗೆಯೇ ನಡೆಯಿತು.

"ತಪ್ಪು ನಂದರಿ," ಎಂದಳು ಹಾಲಮ್ಮ ಮೂರನೆಯ ದಿನ.

"ಇಬ್ಬರದೂ," ಎಂದರು ಅಜ್ಜಾರು. "ಮುಂದಿನ ವರ್ಷ ಬ್ಯಾರೆ ಕೋಳಿ ತರೂಣು. ಆಮ್ಯಾಲೆ ಪೆಟಗಿ ಒಯ್ಯಿ."

ಅವಳು ಅದನ್ನು ಒಯ್ದಳು. ಮೂವತ್ತು ವರ್ಷ ಮರಿ ಮಾಡಿಸಿದಳು. ಫಕ್ಕೀರವ್ವನಿಗೂ ಕೊಟ್ಟಳು. ತೊಳೆದ ಮೊಟ್ಟೆಯನ್ನು ಮತ್ತೆಂದೂ ಕಾವಿಗೆ ಇಡಲಿಲ್ಲ.

"ಇಬ್ಬರದೂ ಅಂದ್ರು ನೋಡು," ಎಂದಳು ನನಗೆ. "ಅವರ ಮನಸ್ಸು ದೊಡ್ಡದು. ನನ್ನ ಸಮಾಧಾನಕ್ಕ ಅಂದ ಮಾತು ಅದು."

ಹಾಲಮ್ಮ ತೀರಿಕೊಂಡ ಮರುವರ್ಷ ನಾನು ಆ ಆಶ್ರಮಕ್ಕೆ ಹೋದೆ. ಕಾವಿನ ಪುಸ್ತಕಗಳು ಕಪಾಟಿನಲ್ಲಿ ಇನ್ನೂ ಇವೆ. ಆ ವರ್ಷದ ಪುಟದಲ್ಲಿ, ಮೊಟ್ಟೆ ಇಟ್ಟ ದಿನಾಂಕದ ಎದುರಿಗೆ, ಅಜ್ಜಾರು ಅಂದೇ ತಮ್ಮ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ:

"ಕೆಳಗಿನ ತಟ್ಟೆಯವು ತೊಳೆದ ಮೊಟ್ಟೆಯಂತೆ ಕಂಡವು. ದಣಿದಿದ್ದೆ. ಕೇಳಲಿಲ್ಲ."