ಬೇಕಾದವರಿಗೆ ಹೊಸ ಗೇರ್‌ಬಾಕ್ಸ್

"ಸಾಹುಕಾರ್ರ, ಬೇಕಾದವರು ಹಾಕ್ಕೊಳ್ಳಲಿ, ಬ್ಯಾಡಾದವರು ಬಿಡಲಿ ಅಂತ ನಿಯಮ ಮಾಡಿದ್ರ ಅದರಿಂದ ಯಾರಿಗೆ ಏನು ತೊಂದರೆ?" ಎಂದು ಬಸಲಿಂಗ ಕೇಳಿದ.

ಕೇಳಿದ್ದು ಅಡವೆಪ್ಪ ಸಾಹುಕಾರರನ್ನು. ಅವರದು ವಾಹನಗಳ ಬಿಡಿಭಾಗ ಮಾರುವ ಅಂಗಡಿ. ಬಸಲಿಂಗ ಅವರ ಕೈಕೆಳಗೆ ವ್ಯಾಪಾರ ಕಲಿತು, ಈಗ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದ. ಊರಿನ ಡ್ರ್ಯಾಗ್ ರೇಸ್ ಸಂಘಕ್ಕೆ ಅಧ್ಯಕ್ಷನೂ ಅವನೇ, ಅಲ್ಲಿ ಕಾರು ಓಡಿಸುವವನೂ ಅವನೇ. ಎರಡು ಕಾರುಗಳು ಅಕ್ಕಪಕ್ಕ ನಿಂತು, ನೇರ ದಾರಿಯಲ್ಲಿ ಯಾವುದು ಮುಂದೆ ಹೋಗುತ್ತದೆ ಎಂದು ನೋಡುವ ಓಟ ಅದು. ತಾನಾಗಿಯೇ ಗೇರು ಬದಲಿಸುವ ಹೊಸ ಗೇರ್‌ಬಾಕ್ಸಿಗೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಮರುದಿನ ಸಭೆ ಇತ್ತು. ಸದಸ್ಯರು ಅರ್ಧಕ್ಕೆ ಅರ್ಧ ಒಡೆದಿದ್ದರು. ಅಧ್ಯಕ್ಷನ ಮಾತೇ ಕೊನೆಯದು.

ಸಾಹುಕಾರರು ಎದುರಿನ ಸ್ಟೂಲು ತೋರಿಸಿ, "ಕೂಡು" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಲ್ಲಿ ವಿಮಾನ ಬರುವುದು ನಿಂತುಹೋದ ಒಂದು ವಿಮಾನಪಟ್ಟಿ ಇತ್ತು. ಸುಗ್ಗಿ ಮುಗಿದ ಮೇಲೆ ಅಲ್ಲಿ ಕಾರುಗಳ ಓಟ. ಓಡಿಸುವವರೆಲ್ಲ ಹೊಟ್ಟೆಪಾಡಿಗೆ ಬೇರೆ ಕೆಲಸ ಇದ್ದವರು. ಎಲ್ಲರವೂ ಒಂದೇ ಬಗೆಯ ಹಳೆಯ ಕಾರು. ಕಂಪನಿ ಕೊಟ್ಟ ಗೇರ್‌ಬಾಕ್ಸೇ ಇರಬೇಕೆಂಬುದು ನಿಯಮ. ಆದ್ದರಿಂದ ಒಬ್ಬನದು ಇನ್ನೊಬ್ಬನಿಗೆ ಕೂಡುತ್ತಿತ್ತು.

ಅಲ್ಲಿ ಒಂದು ಪದ್ಧತಿ ಬೆಳೆದಿತ್ತು. ಸೋತವನು ಮನೆಗೆ ಹೋಗುತ್ತಿರಲಿಲ್ಲ. ತನ್ನನ್ನು ಸೋಲಿಸಿದವನ ಹಿಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಗೆದ್ದವನ ಗೇರ್‌ಬಾಕ್ಸ್ ಮುಂದಿನ ಸುತ್ತು ಶುರುವಾಗುವ ಮೊದಲು ಮುರಿದರೆ ಸೋತವನು ತನ್ನದನ್ನು ಬಿಚ್ಚಿ ಕೊಡಬೇಕು. "ನನ್ನ ಸೋಲಿಸಿದ್ದು ಸಾಲಲಿಲ್ಲೇನಲೇ, ಇದನ್ನೂ ಮುರಕೊಂಡು ಬಂದೀ ಅಂದ್ರ ನೋಡು!" ಎಂದು ಬೈಯುತ್ತಿದ್ದರು. ಬೈದರೂ ಕೊಡುತ್ತಿದ್ದರು. ಇರಲಿ ಎಂದು ಎರಡನೆಯ ಗೇರ್‌ಬಾಕ್ಸ್ ಕೊಂಡಿಟ್ಟವರು ಆ ಊರಲ್ಲಿ ಒಬ್ಬರೂ ಇರಲಿಲ್ಲ.

ಓಡಿಸುವವರಲ್ಲಿ ಒಬ್ಬನಾದ ಗಿರಣಿ ಮಾಲೀಕ ಹೊರದೇಶದಿಂದ ಹೊಸ ಗೇರ್‌ಬಾಕ್ಸ್ ತರಿಸಿದ. ಮನುಷ್ಯನ ಕೈ ಗೇರು ಹಾಕುವಾಗ ಒಮ್ಮೆಯಾದರೂ ತಡವರಿಸುತ್ತದೆ, ಅದು ತಡವರಿಸುತ್ತಿರಲಿಲ್ಲ. ಅದನ್ನು ಓಟದಲ್ಲಿ ಬಳಸಲು ಬಿಡಿ ಎಂದು ಕೇಳಿದ. ಸಂಘದ ಹಿರಿಯ ಯೋಚಿಸಿ, ಬೇಕಾದವರು ಹಾಕಿಕೊಳ್ಳಲಿ, ಯಾರಿಗೂ ಬಲವಂತವಿಲ್ಲ ಎಂದ. ಎಲ್ಲರೂ ತಲೆಯಾಡಿಸಿದರು. ಆ ಮಾತಿನಲ್ಲಿ ಅನ್ಯಾಯವೇನೂ ಕಾಣಲಿಲ್ಲ.

ಆ ವರ್ಷ ಗಿರಣಿ ಮಾಲೀಕನೇ ಗೆದ್ದ. ಕೊನೆಯ ಓಟದಲ್ಲಿ ಸೋತವನು ಒಬ್ಬ ಬಡಗಿ. ಹಿಂದೆಲ್ಲ ಗೆಲ್ಲುತ್ತಿದ್ದವನು ಅವನೇ. ಗೇರು ಹಾಕುವುದರಲ್ಲಿ ಅವನ ಕೈ ಅಷ್ಟು ಚುರುಕು.

"ಏನ್ರೀ ಆಚಾರ್ರ, ಓಡಸಾಕ ಬಂದೀರೋ, ಮೆರವಣಿಗೀಗೆ ಬಂದೀರೋ?" ಎಂದು ಗಿರಣಿ ಮಾಲೀಕ ನಕ್ಕ.

ಬಡಗಿಯೂ ನಕ್ಕ. ಆದರೆ ಆ ಮಾತು ಅವನನ್ನು ಬಿಡಲಿಲ್ಲ. ಮರ ಕೊಯ್ಯುವ ಯಂತ್ರವನ್ನು ಮಾರಿ ಅವನೂ ಅಂಥದ್ದೇ ಗೇರ್‌ಬಾಕ್ಸ್ ತರಿಸಿದ. "ನಾಳಿಂದ ಕಟ್ಟಿಗಿ ಹಲ್ಲಿಲೆ ಕೊಯ್ತೀರೇನು?" ಎಂದು ಹೆಂಡತಿ ಕೇಳಿದಳು. ಬಹುಮಾನ ಬಂದ ಕೂಡಲೇ ಬೇರೆ ಯಂತ್ರ ಕೊಳ್ಳುವುದಾಗಿ ಹೇಳಿದ.

ಉಳಿದವರೂ ಸುಮ್ಮನೆ ಕೂರಲಿಲ್ಲ. ಒಬ್ಬ ಒಂದು ಬಗೆಯದು ತಂದ, ಇನ್ನೊಬ್ಬ ಮತ್ತೊಂದು ಬಗೆಯದು ತಂದ. ಅವನ್ನು ಕೂರಿಸಲು ಕಾರಿನ ತಳವನ್ನೇ ಕತ್ತರಿಸಬೇಕಾಯಿತು. ಹಳೆಯದು ಇನ್ನು ಕೂಡುವಂತಿರಲಿಲ್ಲ. ಕೊಳ್ಳಲಾಗದವರು ಕಾರಿನ ಮೇಲೆ ತಾಡಪಾಲು ಹೊದಿಸಿ ಮನೆಯಲ್ಲಿ ಉಳಿದರು.

ಮರುವರ್ಷ ಸೋತವರು ಯಾರೂ ಕಾಯಲಿಲ್ಲ. ಕಾದು ಮಾಡುವುದೇನು? ಒಬ್ಬನದು ಇನ್ನೊಬ್ಬನಿಗೆ ಆಗುವುದಿಲ್ಲ. ಸೋತಂತೆ ಸೋತಂತೆ ಹೊರಟುಹೋದರು. ಕೊನೆಯ ಓಟಕ್ಕೆ ಬಡಗಿ ಮತ್ತು ಗಿರಣಿ ಮಾಲೀಕ ನಿಂತರು. ಬಡಗಿಗೆ ಮೊದಲೆಲ್ಲ ಸೋತರೆ ಏನು ಎಂಬ ಅಳುಕಿತ್ತು. ಈಗ ಮುರಿದರೆ ಏನು ಎಂಬ ಭಯ. ಕಾರಿನ ಕೆಳಗೆ ಸಣ್ಣ ಸದ್ದಾದರೂ ಇಳಿದು ಬಗ್ಗಿ ನೋಡುತ್ತಿದ್ದ.

ಓಟ ಶುರುವಾಗುವ ಮೊದಲೇ ಸದ್ದು ದೊಡ್ಡದಾಗಿಯೇ ಬಂತು. ಮುರಿದದ್ದು ಪಕ್ಕದ ಕಾರಿನದು. ಗಿರಣಿ ಮಾಲೀಕ ಕೆಳಗಿಳಿದು ಅಭ್ಯಾಸಬಲದಿಂದ ಹಿಂದೆ ತಿರುಗಿದ. ಹಿಂದೆ ಯಾರೂ ಇರಲಿಲ್ಲ.

ಬಡಗಿ ಒಬ್ಬನೇ ಪಟ್ಟಿಯ ಕೊನೆಯವರೆಗೆ ಓಡಿಸಿ ಕಪ್ ಗೆದ್ದ. ಬಹುಮಾನದ ಹಣ ಯಂತ್ರಕ್ಕೆ ಸಾಲಲಿಲ್ಲ. ಅದು ಓಡಿಸುವವರು ಕಟ್ಟುವ ಶುಲ್ಕದಿಂದಲೇ ಬರಬೇಕು, ಓಡಿಸುವವರೇ ಕಡಿಮೆಯಾಗಿದ್ದರು.

ಗಿರಣಿ ಮಾಲೀಕ ಅವನ ಹೆಗಲ ಮೇಲೆ ಕೈಯಿಟ್ಟ. "ಗೆದ್ರಿ ಬಿಡ್ರಿ ಆಚಾರ್ರ. ಬರೋ ವರ್ಷ ನಾ ಎರಡು ತರಸ್ತೀನಿ. ಒಂದು ಮುರದ್ರ ಇನ್ನೊಂದು."

ಅವನು ಅದನ್ನು ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ. ಆದರೂ ಬಡಗಿಯ ಮುಖದ ನಗು ಅಲ್ಲಿಯೇ ಇಂಗಿಹೋಯಿತು. ಹಾಗಾದರೆ ಇವನೂ ಇನ್ನೊಂದು ತರಿಸಬೇಕು. ಮಾರಲು ಇನ್ನು ಉಳಿದಿದ್ದು ಕಾರೊಂದೇ. ಅದನ್ನೇ ಮಾರಿದ. ಬಂದ ಹಣ ಹಳೆಯ ಬಾಕಿಗಳಿಗೆ ಹೋಯಿತು. ಬೇರೆಯವರ ಕಾರ್ಖಾನೆಯಲ್ಲಿ ದಿನಗೂಲಿಗೆ ನಿಂತ. ಅತ್ತ ಗಿರಣಿ ಮಾಲೀಕ ಎರಡು ಗೇರ್‌ಬಾಕ್ಸ್ ತಂದುಕೊಂಡು ಗೆರೆಯ ಮೇಲೆ ನಿಂತಾಗ ಪಕ್ಕದಲ್ಲಿ ನಿಲ್ಲುವವರೇ ಇರಲಿಲ್ಲ. ಈಗ ಆ ಪಟ್ಟಿಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಾರೆ.

ಸಾಹುಕಾರರು ಕತೆ ನಿಲ್ಲಿಸಿದರು. ಬಸಲಿಂಗ ಹೇಳಿದ: "ಆದರೂ ಸಾಹುಕಾರ್ರ, ಆ ಹಿರಿಯರದು ತಪ್ಪು ಹ್ಯಾಂಗಾತು? ತಗೊಳ್ರಿ ಅಂತ ಅವರು ಯಾರಿಗೂ ಬಲವಂತ ಮಾಡಲಿಲ್ಲಲ್ಲ."

ಸಾಹುಕಾರರು ಅವನ ಮುಖವನ್ನೇ ನೋಡುತ್ತ ಹೇಳಿದರು: "ಸಭೆ ಇರೋದು ನಾಳೆ, ನಿನ್ನೆ ನಾ ಇಲ್ಲದಾಗ ನಮ್ಮ ಅಂಗಡಿಗೆ ಬಂದು ಆ ಹೊಸ ಗೇರ್‌ಬಾಕ್ಸಿಗೆ ಮುಂಗಡ ಕೊಟ್ಟು ಹೋಗೀಯಲ್ಲ ತಮ್ಮಾ, ನಿನಗ ಯಾರು ಬಲವಂತ ಮಾಡಿದ್ರು?"