ದರ್ಜಿ ಅಂಗಡಿಯ ಗಿಣಿ

ದರ್ಜಿ ವಿಠೋಬನ ಅಂಗಡಿಯ ಪಂಜರದಲ್ಲಿ ಒಂದು ಗಿಣಿಯಿತ್ತು. ಕಿವಿಗೆ ಬಿದ್ದದ್ದನ್ನೆಲ್ಲ ಅದು ಅಣಕಿಸುತ್ತಿತ್ತು. ಒಂದು ದಿನ ಕಾಗೆಯೊಂದು ಆ ಅಣಕವನ್ನು ಕೇಳಲೆಂದೇ ಕಿಟಕಿಗೆ ಹಾರಿ ಬಂತು.

ಒಳಗೆ ವಿಠೋಬ ಬೀಡಿ ಹಚ್ಚಿಕೊಂಡು ಗಿರಾಕಿಗೆ ಹೇಳುತ್ತಿದ್ದ: "ಸೇದುವವನು ನಾನು. ಶ್ವಾಸಕೋಶದ ಕ್ಯಾನ್ಸರ್ ಬಂದರೆ ನನಗೆ ಬಂದೀತು. ಪಕ್ಕದಲ್ಲಿ ಕೂತವರಿಗೇನು ಭಯ?"

ಹೇಳಿ ಮುಗಿಸಿ ಕೆಮ್ಮಿದ. ಗಿಣಿಯೂ ಕೆಮ್ಮಿತು.

"ಥೇಟ್ ನಿಮ್ಮ ಹಾಗೇ, ವಿಠೋಬಣ್ಣ!" ಎಂದು ಗಿರಾಕಿ ಚಪ್ಪಾಳೆ ತಟ್ಟಿದ.

ಕಾಗೆ ಕುಣಿದಾಡಿತು. "ಭಲೇ ಗಿಣಿಯೇ! ಮಷೀನಿನ ಸದ್ದಾಯಿತು, ಕತ್ತರಿಯ ಸದ್ದಾಯಿತು, ಈಗ ಕೆಮ್ಮು! ಇನ್ನೊಂದು ಸಲ ಆಗಲಿ!"

ಗಿಣಿ ಮತ್ತೆ ಕೆಮ್ಮಿತು. ಈ ಸಲ ಕೆಮ್ಮು ನಿಲ್ಲಲೇ ಇಲ್ಲ. ಕೂತಿದ್ದ ಕಡ್ಡಿಯಿಂದ ಕಾಲು ಜಾರಿತು.

"ಅಬ್ಬಾ, ಕಣ್ಣಲ್ಲಿ ನೀರು ಕೂಡ! ಎಂಥ ಕಲೆ! ಇದನ್ನು ಯಾವಾಗ ಕಲಿತೆ?" ಎಂದು ಕಾಗೆ ರೆಕ್ಕೆ ಬಡಿಯಿತು.

ಗಿಣಿ ಉಸಿರು ಸುಧಾರಿಸಿಕೊಂಡು ಹೇಳಿತು: "ಕಲಿತದ್ದು ಮಷೀನಿನ ಸದ್ದು, ಕತ್ತರಿಯ ಸದ್ದು. ಕೆಮ್ಮು ನನ್ನದೇ. ವಿಠೋಬ ಬೀಡಿ ಸೇದುತ್ತಾನೆ. ನಾನು ಹೊಗೆ ತುಂಬಿದ ಅವನ ಅಂಗಡಿಯನ್ನೇ ಸೇದುತ್ತೇನೆ."