ಎದುರುಗಾಳಿಯ ಲೆಕ್ಕ

ಮಲಪ್ರಭೆಯ ದಂಡೆಯ ಮಠದಲ್ಲಿ ಮುರಿಗೆಪ್ಪ ಮಾಸ್ತರರು ಇದ್ದರು. ಒಂದು ಕಾಲಕ್ಕೆ ಮೋಟಾರ್‌ಸೈಕಲ್ ಕಂಪನಿಯಲ್ಲಿ ಗಾಡಿಗಳ ವೇಗ ಅಳೆದು ಖಾತ್ರಿ ಮಾಡುತ್ತಿದ್ದವರು. ಬಸಲಿಂಗ ಹರೆಯದಲ್ಲಿ ಈ ಮಠದಲ್ಲೇ ಇದ್ದು ಅವರ ಬಳಿ ಆ ವಿದ್ಯೆ ಕಲಿತವನು.

ಈಗ ಅವನಿಗೂ ತಲೆ ನರೆತಿತ್ತು. ದೊಡ್ಡ ಕಂಪನಿಯಲ್ಲಿ ಅದೇ ಕೆಲಸ. ಬಹಳ ವರ್ಷಗಳ ಮೇಲೆ ಬಂದವನು ಗುರುಗಳ ಕಾಲು ಮುಟ್ಟಿ ಕಟ್ಟೆಯ ಮೇಲೆ ಕುಳಿತ.

"ಮಾಸ್ತರ್ರ, ಕೆಲಸಾ ಬಿಟ್ಟು ಇಲ್ಲೇ ಬಂದಬಿಡ್ತೀನ್ರಿ."

"ಯಾಕಪಾ?"

"ನಾ ಇಲ್ಲಿದ್ದ ದಿನದ ಸುಖ ಮತ್ತ ಎಲ್ಲೂ ಸಿಗಲಿಲ್ರಿ. ಈ ಹೊಳಿ, ನಿಮ್ಮ ಹಳೀ ಗಾಡಿಯ ಡುಗುಡುಗು ಸಪ್ಪಳ, ಸಂಜೀಕ ಎಲ್ಲಾರೂ ಕೂಡಿ ಉಣ್ಣೂ ರೊಟ್ಟಿ, ಪುಂಡಿಪಲ್ಲೆ. ಈಗ ಮಷೀನಿನ ಮ್ಯಾಲ ಗಾಲಿ ತಿರಗತಾವ, ಪರದೆ ಮ್ಯಾಲ ಅಂಕಿ ಬರತಾವ. ಎಲ್ಲಾ ಸಪ್ಪಗ."

ಹೇಳುತ್ತ ಅವನ ಕಣ್ಣು ತುಂಬಿತು.

ಮಾಸ್ತರರು ಬಗ್ಗಿ ಚಿಟಿಕೆ ಮಣ್ಣು ತೆಗೆದು ಗಾಳಿಗೆ ಬಿಟ್ಟರು. ಅದು ರಸ್ತೆಯ ಕಡೆ ಹಾರಿತು.

ಬಸಲಿಂಗನಿಗೆ ತನ್ನ ಮೊದಲ ಓಟ ನೆನಪಾಯಿತು. ದಂಡೆಯ ರಸ್ತೆಯಲ್ಲಿ ಎರಡು ಮೈಲುಗಲ್ಲುಗಳ ನಡುವೆ ಗಾಡಿ ಓಡಿಸಿ, ಗಡಿಯಾರ ನೋಡಿ, ಹಿಗ್ಗಿ ಹೀರೇಕಾಯಿಯಾಗಿ ಬಂದಿದ್ದ.

"ಮಾಸ್ತರ್ರ, ವೇಗ ತಾಸಿಗೆ ನೂರು ದಾಟೇತ್ರಿ."

ಅಂದೂ ಅವರು ಹೀಗೆಯೇ ಮಣ್ಣು ಹಾರಿಸಿ ನೋಡಿದ್ದರು.

"ತಿರುಗಿ ಬರೂ ಮುಂದ ಎಷ್ಟ ಓಡೇತಿ?"

"ಎದುರುಗಾಳಿ ಇತ್ರಿ. ಅದನ್ನ ಅಳೀಲಿಲ್ಲ."

"ಹಂಗಾರ ನೀ ಗಾಳಿ ಅಳದಿ, ಗಾಡಿ ಅಲ್ಲ. ಹೋಗೂದು, ಬರೂದು ಎರಡೂ ಕೂಡಿಸಿ ಅರ್ಧಾ ಮಾಡು."

ಎರಡೂ ಕಡೆ ಅಳೆದು ಅರ್ಧ ಮಾಡಿದಾಗ ಎಂಬತ್ತೂ ಬರಲಿಲ್ಲ. ಆ ಸಂಜೆ ಅವನು ರೊಟ್ಟಿ ಮುಟ್ಟಿರಲಿಲ್ಲ.

"ಬಸಲಿಂಗ," ಎಂದರು ಮಾಸ್ತರರು, "ಇಲ್ಲಿದ್ದಾಗ ಒಮ್ಮೆ ನೀ ಮಠಾ ಬಿಟ್ಟು ಓಡಿ ಹೋಗಿದ್ದಿ. ಅವ್ವನ ನೆನಪಾಗಿ ಅತ್ತು ಅತ್ತು ಕಣ್ಣು ಬಾತಿದ್ದುವು. ನನ್ನ ಬೈಗುಳಕ್ಕ ಉಪವಾಸ ಮಲಗತಿದ್ದಿ. ಅದನ್ಯಾಕ ಹೇಳಲಿಲ್ಲ?"

ಅದೆಲ್ಲ ಅವನಿಗೆ ಮರೆತೇ ಹೋಗಿತ್ತು.

"ಹಂಗಾರ ಆ ಸುಖ ಸುಳ್ಳೇನ್ರಿ?" ಎಂದ ಬಸಲಿಂಗ.

"ಸುಳ್ಳಲ್ಲಪಾ. ಆ ದಿನಾ ನೆನಪಾದ್ರ ನನಗೂ ಕರುಳ ಚುರ್ ಅಂತೈತಿ."

ಮಾಸ್ತರರು ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

"ಆದ್ರ ನೀ ಗಾಳಿ ಬೆನ್ನಿಗಿದ್ದದ್ದಷ್ಟ ಅಳದಿ. ಎದುರುಗಾಳಿದೂ ಅಳದ ಬಾ. ಕೆಲಸಾ ಬಿಡೂದು ಆಮ್ಯಾಲ."